ಮುಸುರೆ ಹೊತ್ತು ದಿಬ್ಬ ದಾಟುವ ಸೆಲ್ವಿ

ಬೆಳಕು ಇನ್ನೂ ಸರಿಯಾಗಿ ಬಿಟ್ಟಿಲ್ಲ. ಚಿನ್ನ ಸೋಸಿ ಬಿಟ್ಟ ಮಣ್ಣು ಗುಡ್ಡೆಬಿದ್ದ ಮೈಸೂರು ಮೈನ್ಸ್‌ನ ಸೈನೈಡ್ ದಿಬ್ಬ ಬುಡವೇ ಇಲ್ಲದ ಹಾಗೆ ಮಂಜಿನ ಮೇಲೆ ತೇಲುತ್ತಿದೆ. ಗಣಿ ಕಾರ್ಮಿಕರ ಲೈನ್ ಮನೆಗಳ ಬಾಗಿಲು ಒಂದೊಂದೇ ಅರ್ಧ ತೆರೆಯುತ್ತವೆ. ನಿದ್ದೆಗಣ್ಣಿನ ಯಾರದೋ ಕೈ ಹೊರಗೆ ಬಂದು ಅಕ್ಕಿ ತೊಳೆದ ನೀರು, ಮಿಕ್ಕ ಅನ್ನ, ಸಿಪ್ಪೆ ಎಲ್ಲ ಕಲೆತ ಮುಸುರೆಯನ್ನು ಸೆಲ್ವಿಯ ಬಕೆಟ್ಟಿಗೆ ಸುರಿದು ಒಳಗೆ ಹೋಗುತ್ತದೆ. ಬಕೆಟ್ ತುಂಬಿದ ಮೇಲೆ ಅವಳು ದಿಬ್ಬದ ಆಚೆಯ ಹಂದಿಗೂಡುಗಳಿಗೆ ಹೊರಡುತ್ತಾಳೆ.

ಜಗಲಿಯ ಮೇಲೆ ಬೀಡಿ ಹಚ್ಚಿಕೊಂಡು ಕೂತ ಜಯರಾಮಪ್ಪ, ಗಣಿಯಲ್ಲಿ ದುಡಿದ ಮುದುಕ, ಹಂದಿಗಳನ್ನು ಅವಳ ಮಕ್ಕಳೆಂದು ರೇಗಿಸದೆ ಬಿಡುವುದಿಲ್ಲ. “ಏನಮ್ಮಾ ಸೆಲ್ವಿ, ನಿನ್ ಮಕ್ಳು ಎದ್ರಾ?”

“ಎದ್ದವ್ರೆ ತಾತಾ. ನಿಮ್ಮನ್ನೇ ಕೇಳ್ತಾವ್ರೆ, ಊಟಕ್ಕೆ ಬತ್ತಾರಾ ಅಂತ.”

ಮೊದಲೆಲ್ಲ ಈ ಗೂಡುಗಳು ಮನೆಯ ಗೋಡೆಗೇ ಅಂಟಿಕೊಂಡಿದ್ದವು. ಅಡುಗೆಮನೆಯ ಗೋಡೆಯ ಬುಡದಲ್ಲಿ ಒಂದು ತೂಬು. ಒಳಗಿಂದ ಮುಸುರೆ ಸುರಿದರೆ ಆಚೆ ಹಂದಿಯ ತೊಟ್ಟಿಗೇ ಬೀಳಬೇಕು. ತೂಬಿನಿಂದ ತಂಗಾಳಿ ಬರುತ್ತದೆಂದು ಮಕ್ಕಳನ್ನು ಅಲ್ಲೇ ಮಲಗಿಸುವುದು ವಾಡಿಕೆ. ಸೆಲ್ವಿಯ ಮಗಳು ರೂಪಾ ಕೂಡ ಅಲ್ಲಿ ಮಲಗಿದವಳೇ.

ಗಣಿ ಮುಚ್ಚಿದ ವರ್ಷ ರೂಪಾಳಿಗೆ ಜ್ವರ ಬಂತು. ಮೈ ಸೆಟೆದುಕೊಂಡಿತು, ಕಣ್ಣು ಮೇಲಾದವು. ದೊಡ್ಡಾಸ್ಪತ್ರೆಯಲ್ಲಿ ಮೆದುಳು ಜ್ವರ ಎಂದರು. ಕೆರೆಯ ಬೆಳ್ಳಕ್ಕಿಗಳ ಮೈಯಲ್ಲಿರುವ ವೈರಸ್ಸನ್ನು ಸೊಳ್ಳೆ ಹಂದಿಗೆ ತರುತ್ತದೆ, ಹಂದಿಯ ರಕ್ತದಲ್ಲಿ ಅದು ಬೆಳೆಯುತ್ತದೆ, ಆಮೇಲೆ ಹಂದಿಯ ರಕ್ತ ಕುಡಿದ ಸೊಳ್ಳೆಗಳು ಮಕ್ಕಳನ್ನು ಕಚ್ಚುತ್ತವೆ ಎಂದು ಅಲ್ಲಿಯ ಡಾಕ್ಟರು ಬಿಡಿಸಿ ಹೇಳಿದರು. ಹಂದಿಗಳೋ ಗುಂಡುಕಲ್ಲಿನಂತೆ ಓಡಾಡಿಕೊಂಡಿದ್ದವು. ರೂಪಾ ಬದುಕಿ ಬಂದಳು, ಮಾತು ಬರಲಿಲ್ಲ. ಈಗ ಬೆಳೆದ ಹೆಂಗಸು. ನಿದ್ದೆಯಲ್ಲಿ ನಗುತ್ತಾಳೆ, ಯಾವ ಊರಿನ ಕನಸೋ.

ಆಗ ಲೈನಿನವರು ಕಿಟಕಿಗೆ ಗೋಣಿ ಕಟ್ಟಿದರು, ಬೇವಿನ ಹೊಗೆ ಹಾಕಿದರು. ತೂಬು ಮಾತ್ರ ಮುಚ್ಚಲಿಲ್ಲ. ಮನೆಯ ಅನ್ನ ಹರಿಯುವ ದಾರಿ, ಅದನ್ನು ಮುಚ್ಚಿದರೆ ಲಕ್ಷ್ಮಿ ನಿಲ್ಲುವುದಿಲ್ಲ ಎಂಬ ನಂಬಿಕೆ. ಸೆಲ್ವಿ ಯಾರೊಡನೆಯೂ ವಾದಕ್ಕಿಳಿಯಲಿಲ್ಲ. ತನ್ನ ಹಂದಿಗಳನ್ನು ದಿಬ್ಬದ ಆಚೆ ಕಟ್ಟಿ, ತೂಬಿಗೆ ಮಣ್ಣು ಮೆತ್ತಿ, ನೆರೆಯವರ ಬಾಗಿಲಲ್ಲಿ ಬಕೆಟ್ ಹಿಡಿದು ನಿಂತಳು. ನಿಮ್ಮ ಗೂಡನ್ನೂ ಆಚೆ ಹಾಕಿ, ಹೊರುವ ಕೆಲಸ ನನ್ನದು ಎಂದಳು. ವರ್ಷ ಕಳೆದಂತೆ ಒಂದೊಂದೇ ತೂಬು ಮುಚ್ಚಿತು.

ಉಳಿದದ್ದು ಪಾಪಕ್ಕನ ಮನೆ. ಬಂಗಾರಪೇಟೆ ಕಡೆಯ ಹಳ್ಳಿಯಿಂದ ಇಲ್ಲಿಗೆ ಬಂದವಳು, ಬಾಯಿ ಜೋರು. ಮಗಳು ಇಟ್ಟಿಗೆ ಗೂಡಿನಿಂದ ಗೂಡಿಗೆ ಕೆಲಸಕ್ಕೆ ತಿರುಗುವವಳಾದ್ದರಿಂದ ಮೊಮ್ಮಗಳು ಅಕ್ಷರಾ ಅಜ್ಜಿಯ ಹತ್ತಿರವೇ ಇದ್ದಾಳೆ. ಆ ತಿರುಗಾಟದಲ್ಲಿ ಮಗುವಿಗೆ ಮೆದುಳು ಜ್ವರದ ಚುಚ್ಚುಮದ್ದೂ ತಪ್ಪಿಹೋಗಿತ್ತು. ಆಶಾ ಕಾರ್ಯಕರ್ತೆ ಸುಮಲತ ಎಷ್ಟು ಕರೆದರೂ ಅಜ್ಜಿ ನಾಳೆ, ನಾಳೆ ಎನ್ನುತ್ತಿದ್ದಳು. ಮಗು ಮಲಗುತ್ತಿದ್ದದ್ದು ತೂಬಿನ ಪಕ್ಕದಲ್ಲೇ.

ಕಳೆದ ಮಳೆಗಾಲ ಕೆರೆಗೆ ಬೆಳ್ಳಕ್ಕಿ ಬೇಗ ಬಂದವು. ಬೆಳ್ಳಗೆ ಹಾರಿಹೋಗುವ ಸಾಲನ್ನು ಊರೆಲ್ಲ ತಲೆಯೆತ್ತಿ ನೋಡಿತು. ಸೆಲ್ವಿ ಮಾತ್ರ ಇನ್ನೂ ತೆರೆದಿದ್ದ ಆ ಒಂದು ತೂಬಿನ ಕಡೆ ನೋಡಿದಳು. ದಿನವೂ ಪಾಪಕ್ಕನ ಬಾಗಿಲಲ್ಲಿ ನಿಂತಳು.

“ನಮ್ಮನೆ ಲಕ್ಷ್ಮೀನ ನಿನ್ ಬಕೆಟ್ಟಿಗೆ ಸುರೀಬೇಕೇನೇ?” ಎಂದಳು ಪಾಪಕ್ಕ.

“ಸುರಿ ಅಕ್ಕಾ. ಲಕ್ಷ್ಮಿಗೆ ನಡೆಯೋಕಾಗ್ದಿದ್ರೆ ನಾನು ಎತ್ಕೊಂಡೋಗ್ತೀನಿ.”

ಪಾಪಕ್ಕ ಬಾಗಿಲು ಹಾಕಿಕೊಂಡಳು. ಮರುದಿನ ಸೆಲ್ವಿ ರೂಪಾಳನ್ನು ಕರೆತಂದು ಅದೇ ಹೊಸಲಿನ ಬಳಿ ಕೂರಿಸಿದಳು. ಅಕ್ಷರಾ ಬಂದು, “ನಿನ್ ಹೆಸರೇನಕ್ಕಾ?” ಎಂದು ಕೇಳಿತು. ರೂಪಾ ನಕ್ಕಳು. ಮಗು ಮತ್ತೆ ಕೇಳಿತು. ಅವಳು ಮತ್ತೆ ನಕ್ಕಳು. ಪಾಪಕ್ಕ ಒಲೆಯ ಮುಂದೆ ಕೂತು ನೋಡುತ್ತಿದ್ದಳು.

ಮಾರನೆಯ ಬೆಳಿಗ್ಗೆ ಸೆಲ್ವಿ ಹೋದಾಗ ಪಾಪಕ್ಕನ ಗಬ್ಬದ ಹಂದಿ ಗೂಡು ಬಿಟ್ಟು ಬೀದಿಯಲ್ಲಿತ್ತು. ಎಳೆದರೆ ಬರುವ ಪ್ರಾಣಿಯಲ್ಲ ಅದು. ಪಾಪಕ್ಕ ರಾಗಿಮುದ್ದೆ ತೋರಿಸುತ್ತಾ ಅದರ ಮುಂದೆ ಹಿಮ್ಮುಖವಾಗಿ ಹೆಜ್ಜೆಯಿಡುತ್ತಾ, ಮದುಮಗಳನ್ನು ಕರೆದೊಯ್ಯುವ ಹಾಗೆ, ದಿಬ್ಬ ದಾಟಿಸಿದಳು. ಮಧ್ಯಾಹ್ನ ಸುಮಲತಳ ಜೊತೆ ಹೋಗಿ ಮೊಮ್ಮಗಳಿಗೆ ಚುಚ್ಚುಮದ್ದನ್ನೂ ಕೊಡಿಸಿದಳು. ತೂಬಿಗೆ ಕಲ್ಲಿಟ್ಟು ಅರಿಶಿನ ಹಚ್ಚಿದಳು.

ಈಗ ಸೆಲ್ವಿಗೆ ಸೊಂಟ ಹಿಡಿಯುತ್ತದೆ. ಸ್ವಲ್ಪ ತಡವಾದರೂ ಸಾಕು, ಪಾಪಕ್ಕ ಬೀದಿಗೆ ಕೇಳುವ ಹಾಗೆ ಬೈಯುತ್ತಾಳೆ: ನನ್ನ ಹಂದಿ ಹಸಿದು ಸಾಯಬೇಕಾ, ಇಷ್ಟು ಹೊತ್ತು ಎಲ್ಲಿ ಬಿದ್ದಿದ್ದೆ? ಬೇಜಾರಾಗುವುದಿಲ್ಲವೇ ಎಂದು ಯಾರಾದರೂ ಕೇಳಿದರೆ ಸೆಲ್ವಿ ಬಕೆಟ್ ಕೆಳಗಿಟ್ಟು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾಳೆ.

“ಬೈಲಿ ಬುಡಿ. ಬೈತಾವ್ಳೆ ಅಂದ್ರೆ ತೂಬು ಮುಚ್ಚೇ ಐತೆ ಅಂತ ಅರ್ಥ. ಅವ್ಳು ಬೈಯ್ದಿರೋ ದಿನ ನೋಡಿ, ಅವತ್ತು ನಂಗೆ ಭಯ.”