ಎಡ, ಬಲ, ಬ್ರೇಕು

ಆರ್ವಿಡ್ ಟ್ವೈಟ್ ತನ್ನ ತಪ್ಪನ್ನು ಒಪ್ಪಿಕೊಳ್ಳದ ಮನುಷ್ಯ. ಎಪ್ಪತ್ತಮೂರು ವರ್ಷದಲ್ಲಿ ಒಮ್ಮೆಯೂ ಒಪ್ಪಿಕೊಂಡಿಲ್ಲವೆಂದು ಅವನ ಹೆಂಡತಿ ಜೀನೆಟ್ ಹೇಳುತ್ತಿದ್ದಳು. ನಲವತ್ತಾರು ವರ್ಷಕ್ಕೆ ಅವಳೇ ಸಾಕ್ಷಿ, ಮೊದಲಿನದಕ್ಕೆ ಅತ್ತೆಯ ಹೇಳಿಕೆಯಿತ್ತು. ಕಾಫಿ ಕಹಿಯಾದರೆ ನೀರಿನ ದೋಷ, ದಾರಿ ತಪ್ಪಿದರೆ ನಕ್ಷೆಯ ದೋಷ. ಮನೆಯನ್ನೇ ಒಳಗಿಟ್ಟುಕೊಂಡ ಬಸ್ಸಿನಂಥ ತನ್ನ ಮೋಟರ್‌ಹೋಮನ್ನು ಹಿಂದಕ್ಕೆ ತೆಗೆಯುವಾಗ ಪಕ್ಕದವರ ಮೇಜನ್ನು ಪುಡಿಮಾಡಿ, ಮೇಜು ಅಲ್ಲಿ ಇಟ್ಟದ್ದೇಕೆಂದು ಅದರ ಒಡೆಯನಿಗೇ ಬೈದು ಬಂದಿದ್ದ.

ಉತ್ತರದ ಹಿಮಕ್ಕೆ ಬೆನ್ನು ತಿರುಗಿಸಿ ಚಳಿಗಾಲಕ್ಕೆಂದು ಅರಿಜೋನಾದ ಮರಳುಗಾಡಿಗೆ ಬಂದಿಳಿಯುವ ನಿವೃತ್ತರ ಬಿಡಾರ ಅದು. ಅಲ್ಲಿ ಯಾರ ತಂತಿ ಸುಟ್ಟರೂ ಆರ್ವಿಡ್ ಬೇಕು. ತಂತಿ ಸರಿಹೋದ ಮೇಲೆ ಅವನು ಬೇಗ ಹೋದರೆ ಸಾಕು.

ಡೆಲೋರಿಸ್‌ಗೆ ಅವನು ಬೇಕಾದದ್ದು ಒಂದು ಶನಿವಾರ. ಗಂಡ ಲಾಯ್ಡ್ ತೀರಿಕೊಂಡ ಮೇಲೆ ಮಿನೆಸೋಟಾದಿಂದ ಮೋಟರ್‌ಹೋಮನ್ನು ಒಬ್ಬಳೇ ಓಡಿಸಿಕೊಂಡು ಬಂದಿದ್ದಳು. ಹಾಲು, ಬ್ರೆಡ್ಡು ತರಲು ದಿನಾ ಯಾರದೋ ಕಾರು ಕಾಯಬೇಕಾಗಿ ಬೇಸತ್ತು, ಮೋಟರ್‌ಹೋಮಿನ ಹಿಂದೆ ಕಟ್ಟಿ ಎಳೆಯಲೊಂದು ಚಿಕ್ಕ ಹಳೇ ಕಾರು ಕೊಂಡಳು. ಮಗ ಕರ್ಟಿಸ್‌ಗೆ ಇದಾವುದೂ ಸೇರಲಿಲ್ಲ. ಶನಿವಾರ ಮಧ್ಯಾಹ್ನ ಬರುತ್ತೇನೆ, ಕಾರು ಸರಿಯಾಗಿ ಕಟ್ಟಿದ್ದರೆ ಸರಿ, ಇಲ್ಲದಿದ್ದರೆ ಮೋಟರ್‌ಹೋಮ್ ಮಾರಿ ತನ್ನ ಗ್ಯಾರೇಜಿನ ಮೇಲಿನ ಕೋಣೆಗೆ ಬಂದುಬಿಡಬೇಕು ಎಂದಿದ್ದ. ಆ ಕೋಣೆಯನ್ನು ಡೆಲೋರಿಸ್ ನೋಡಿದ್ದಳು. ಅದರ ಕಿಟಕಿ ಪಕ್ಕದ ಮನೆಯ ಗೋಡೆಗೆ ತೆರೆಯುತ್ತಿತ್ತು.

ಉಳಿದದ್ದು ದೀಪದ ಕೆಲಸವೊಂದೇ. ಮುಂದೆ ಬ್ರೇಕ್ ಒತ್ತಿದರೆ ಹಿಂದಿನ ಕಾರಿನ ದೀಪವೂ ಉರಿಯಬೇಕು, ಮುಂದೆ ಎಡಕ್ಕೆ ಸೂಚನೆ ಕೊಟ್ಟರೆ ಅದೂ ಎಡಕ್ಕೆ ಮಿನುಗಬೇಕು. ಆರ್ವಿಡ್ ಬೆಳಗ್ಗೆಯೇ ಬಂದು ಕಾರಿನಡಿ ನುಗ್ಗಿದ.

"ಈ ಡಯೋಡ್ ಯಾಕೆ ಹಾಕ್ತಾರೆ, ಗೊತ್ತಾ?"

"ಕರೆಂಟು ವಾಪಸ್ ಹರಿದು ಕಾರು ಕೆಡಬಾರದು ಅಂತ."

"ಯಾರಮ್ಮ ಹೇಳಿಕೊಟ್ಟಿದ್ದು?"

"ನೀನೇ. ಬೆಳಗ್ಗಿಂದ ನಾಲ್ಕನೇ ಸಲ."

"ಐದನೇ ಸಲಾನೂ ಕೇಳ್ಕೋ. ಹಳದಿ ಎಡಕ್ಕೆ, ಹಸಿರು ಬಲಕ್ಕೆ. ಮಗುವಿಗೂ ಬರುತ್ತೆ."

ಎರಡೇ ತಂತಿ ಉಳಿದಿದ್ದಾಗ ಜೀನೆಟ್ ಊಟಕ್ಕೆ ಕೂಗಿದಳು. "ಏನೂ ಮುಟ್ಟಬೇಡ," ಎಂದು ಹೇಳಿ ಆರ್ವಿಡ್ ಹೋದ. ಉಂಡ ಮೇಲೆ ಅವನು ಮಲಗುವವನೆಂದು ಬಿಡಾರಕ್ಕೆಲ್ಲ ಗೊತ್ತು.

ಡೆಲೋರಿಸ್ ಮುಟ್ಟಿದಳು. ಇದರಲ್ಲಿ ನೀನೇನು ಮಾಡಿದೆ ಎಂದು ಮಗ ಕೇಳಿಯೇ ಕೇಳುತ್ತಾನೆ, ಅವಳಿಗೆ ಸುಳ್ಳು ಬಾರದು. ಹಿಂದಿನಿಂದ ಕಾರಿನಡಿ ಅಂಗಾತ ಜಾರಿ, ಎಡಗೈ ಕಡೆಯ ದೀಪಕ್ಕೆ ಹಳದಿ, ಬಲಗೈ ಕಡೆಯದಕ್ಕೆ ಹಸಿರು ಸೇರಿಸಿ ಇಕ್ಕಳದಿಂದ ಅದುಮಿದಳು. ಮೊದಲ ಸಲ ಜಾರಿತು, ಎರಡನೇ ಸಲ ಕಚ್ಚಿತು. ಅಂಗಾತ ಮಲಗಿದವಳ ಎಡಗೈ ಕಾರಿನ ಬಲಕ್ಕಿರುತ್ತದೆ ಎಂಬುದು ಅವಳಿಗೆ ಹೊಳೆಯಲಿಲ್ಲ.

ಮೂರು ಗಂಟೆಗೆ ಕರ್ಟಿಸ್ ಬಂದು ಕೈಕಟ್ಟಿ ನಿಂತ. ದೀಪ ಪರೀಕ್ಷೆಯೆಂದರೆ ಬಿಡಾರದಲ್ಲಿ ನಾಟಕವಿದ್ದ ಹಾಗೆ. ಒಬ್ಬರು ಮುಂದೆ ಒತ್ತುತ್ತಾರೆ, ಒಬ್ಬರು ಹಿಂದೆ ನಿಂತು ಕೂಗುತ್ತಾರೆ, ಮಿಕ್ಕವರು ಕುರ್ಚಿ ತಂದು ಕೂರುತ್ತಾರೆ. ಗಂಡಹೆಂಡಿರು ವಾರಗಟ್ಟಲೆ ಮಾತು ಬಿಟ್ಟದ್ದೂ ಉಂಟು. ಆರ್ವಿಡ್ ನಿದ್ದೆ ಮುಗಿಸಿ ಬಂದಾಗ ಡೆಲೋರಿಸ್ ಆಗಲೇ ಮೋಟರ್‌ಹೋಮಿನ ಚಾಲಕನ ಸೀಟಿಗೆ ಹತ್ತಿ ಕೂತಿದ್ದಳು. ತಂತಿಯನ್ನು ನೋಡಲು ಅವನಿಗೆ ಸಮಯ ಸಿಗಲಿಲ್ಲ.

"ಬ್ರೇಕು," ಎಂದು ಕೂಗಿದ. ಎರಡೂ ಉರಿದವು. "ಎಡ."

ಬಲಗಡೆಯದು ಮಿನುಗಿತು.

"ಎಡ ಅಂದೆ ಕಣಮ್ಮ."

"ಎಡಾನೇ ಒತ್ತಿದೀನಿ."

ಕುರ್ಚಿಗಳಲ್ಲಿ ನಗು ಹೊರಟಿತು. ಮೇಜು ಕಳೆದುಕೊಂಡಿದ್ದ ಗ್ಲೆನ್ ಇಂಥ ದಿನಕ್ಕೇ ಕಾದಿದ್ದವನು. "ಆರ್ವಿಡ್, ಇದು ಯಾರ ದೋಷನಪ್ಪಾ? ಕಾರು ಮಾಡಿದವರದ್ದಾ, ಇಲ್ಲ ಸೂರ್ಯಂದಾ?"

ಆರ್ವಿಡ್ ಟಾರ್ಚು ಹಿಡಿದು ಬಗ್ಗಿದ. ಅವನು ಹಾಕಿದ ಜೋಡಣೆಗಳಿಗೆ ಇಕ್ಕಳದ ಒಂದೊಂದೇ ಕಚ್ಚು, ಮೇಲೆ ಓರಣವಾಗಿ ಸುತ್ತಿದ ಟೇಪು. ಈ ಎರಡಕ್ಕೆ ಎರಡೆರಡು ಕಚ್ಚು, ಟೇಪಿಲ್ಲ. ಅವನು ಅಲ್ಲಿಯೇ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬಗ್ಗಿದ್ದ.

ಡೆಲೋರಿಸ್ ಇಳಿದು ಬಂದಳು. ಅವಳ ಮೊಣಕೈಗೆ ಮರಳು ಮೆತ್ತಿತ್ತು.

"ಅಮ್ಮ, ಇದಕ್ಕೆ ನೀನೇನಾದ್ರೂ ಕೈ ಹಾಕಿದ್ಯಾ?" ಕರ್ಟಿಸ್ ಕೇಳಿದ.

ಡೆಲೋರಿಸ್ ಬಾಯಿ ತೆರೆದಳು. ನಿಜವೇ ಬರಲಿತ್ತು.

"ನಾನು ಹಾಕಿದ್ದು," ಎಂದ ಆರ್ವಿಡ್ ನೆಟ್ಟಗಾಗುತ್ತ. "ಅಂಗಾತ ಮಲಗಿದ್ದೆ, ಎಡ ಬಲ ಅದಲುಬದಲಾಯ್ತು. ತಪ್ಪು ನಂದು."

ಗ್ಲೆನ್‌ಗೆ ಮುಂದಿನ ಮಾತು ಸಿದ್ಧವಿತ್ತು, ಆದರೆ ಅದನ್ನು ಆಡಲು ಜಾಗವೇ ಉಳಿದಿರಲಿಲ್ಲ. ಜೀನೆಟ್ ಹೆಣಿಗೆಯನ್ನು ಮಡಿಲಿಗೆ ಇಳಿಸಿದಳು.

"ಏನಂದೆ?"

"ಕೇಳಿಸ್ತಲ್ಲ. ಇನ್ನೊಂದ್ಸಲ ಹೇಳಲ್ಲ." ಆರ್ವಿಡ್ ಇಕ್ಕಳವನ್ನು ಡೆಲೋರಿಸ್ ಕಡೆ ಚಾಚಿದ. "ನನ್ನ ಸೊಂಟ ಹಿಡ್ಕೊಂಡಿದೆ. ನೀನೇ ಬಿಚ್ಚಿ ಸರಿಮಾಡಮ್ಮ, ನಿನಗೆ ಬರುತ್ತಲ್ಲ."

ಡೆಲೋರಿಸ್ ಮಗನ ಕಣ್ಣೆದುರೇ ಕಾರಿನಡಿ ಜಾರಿದಳು. ಸೊಂಟ ಹಿಡಿದಿದ್ದವನು ಅವಳು ಮುಗಿಸುವವರೆಗೂ ಮರಳಿನಲ್ಲಿ ಮಂಡಿಯೂರಿ ಅವಳಿಗೆ ಟಾರ್ಚು ಹಿಡಿದಿದ್ದ.