ದೊಡ್ಡ ಕ್ಯಾಬಿನೆಟ್ಟಿಗೆ ಜಾಗ

ಅವಳ ಕೆಲಸ ಓದುವುದು. ಕಣ್ಣು ಕಾಣದವರ ಗ್ರಂಥಾಲಯವೊಂದಕ್ಕಾಗಿ ಪಠ್ಯಪುಸ್ತಕಗಳನ್ನು ಗಟ್ಟಿಯಾಗಿ ಓದಿ, ಮನೆಯ ಹಿಂಬದಿಯ ಕೋಣೆಯಲ್ಲೇ ಧ್ವನಿಮುದ್ರಿಸಿ, ತೊದಲಿದ ಕಡೆ ಕತ್ತರಿಸಿ ಕಳಿಸುತ್ತಿದ್ದಳು. ಬೀದಿಯ ಮಕ್ಕಳು ರೇಡಿಯೋ ಅಕ್ಕ ಅಂತ ಹೆಸರಿಟ್ಟಿದ್ದರು. ಆದರೆ ಮನೆಯಲ್ಲಿ ಅವಳ ಬಾಯಿಂದ ಮಾತು ಹೊರಡಿಸುವುದೆಂದರೆ ಕಲ್ಲಿನಿಂದ ನಾರು ತೆಗೆದಷ್ಟೇ ಕಷ್ಟ.

ಅದೇ ಕೋಣೆಯಲ್ಲಿ ಅವಳ ತಾಯಿ ಮಲಗಿದ್ದರು. ಕೊನೆಯ ವರ್ಷ ಅವರ ಶ್ವಾಸಕೋಶ ಸೋತುಹೋಗಿತ್ತು. ಬಾಡಿಗೆಗೆ ತಂದ ಆಕ್ಸಿಜನ್ ಯಂತ್ರವೊಂದು ಮಂಚದ ಪಕ್ಕದಲ್ಲಿ ಹಗಲೂ ರಾತ್ರಿ ಬುಸುಗುಡುತ್ತಿತ್ತು. ಅದನ್ನು ನಿಲ್ಲಿಸುವಂತಿರಲಿಲ್ಲ, ಹಾಗಾಗಿ ಆ ವರ್ಷ ಅವಳು ಓದಲೇ ಇಲ್ಲ. ತಾಯಿ ತೀರಿಕೊಂಡ ಮೇಲೆ ಯಂತ್ರದವರು ಬಂದು ಅದನ್ನು ಒಯ್ದರು. ಮಂಚ ಹಾಗೇ ಉಳಿಯಿತು. ಯಂತ್ರವಿದ್ದ ಜಾಗವನ್ನು ಅವಳು ಕಸ ಗುಡಿಸುವಾಗಲೂ ಕಾಲಿಡದೆ ಬಳಸಿ ಹೋಗುತ್ತಿದ್ದಳು.

ಮತ್ತೆ ಕೆಲಸ ಹಿಡಿದು, ಭೂಗೋಳದ ಮೊದಲ ಪಾಠಗಳನ್ನು ಕಳಿಸಿದಳು. ಮಾರನೆಯ ಬೆಳಿಗ್ಗೆ ಗ್ರಂಥಾಲಯದ ಮೇಷ್ಟ್ರ ಫೋನ್ ಬಂತು. ಅವರು ಹುಟ್ಟಿನಿಂದ ಕಣ್ಣಿಲ್ಲದವರು. ಬಂದ ಧ್ವನಿಮುದ್ರಣವನ್ನೆಲ್ಲ ಕೇಳಿ ತಪ್ಪು ಹುಡುಕುವುದು ಅವರ ಕೆಲಸ.

"ಓದು ಚೆನ್ನಾಗಿದೆಯಮ್ಮ. ಆದ್ರೆ ನಿಮ್ಮ ಹಿಂದೆ ಯಾರು ಮಲಗಿರೋದು?"

"ಯಾರೂ ಮಲಗಿಲ್ಲ ಸಾರ್."

"ಉಸಿರು ಕೇಳಿಸ್ತಿದೆಯಲ್ಲ. ಎಳೆದು ಎಳೆದು ಬಿಡ್ತಿದ್ದಾರೆ. ವಯಸ್ಸಾದವರು ಅನ್ಸುತ್ತೆ."

ಅವಳು ಹೆಡ್‌ಫೋನ್ ಹಾಕಿ ಕೇಳಿದಳು. ನದಿಗಳ ಪಾಠದಲ್ಲಿ, ಒಂದು ವಾಕ್ಯ ಮುಗಿದು ಇನ್ನೊಂದು ಶುರುವಾಗುವ ಸಂದಿಯಲ್ಲಿ, ಅದು ಇತ್ತು. ಏರುವುದು, ತಡೆಯುವುದು, ಇಳಿಯುವುದು. ಎದ್ದು ಮಂಚದ ಕೆಳಗೆ ಬಗ್ಗಿ ನೋಡಿದಳು. ನೋಡಿದ್ದಕ್ಕೆ ನಾಚಿಕೆಯೂ ಆಯಿತು.

ವಿಷಯ ತಿಳಿದ ತಂಗಿ ಬಂದು, ಅಕ್ಕನನ್ನೂ ಅವಳ ಕಂಪ್ಯೂಟರನ್ನೂ ಆಟೋದಲ್ಲಿ ಹಾಕಿಕೊಂಡು ರಿಪೇರಿ ಅಂಗಡಿಗೆ ಹೋದಳು. ಉಸಿರಿನ ವಿಷಯವನ್ನು ತಂಗಿಯಿಂದ ಕೇಳಿ ಅಂಗಡಿಯವನು ಬಿಚ್ಚಿ ನೋಡಿದ.

"ಫ್ಯಾನ್ ಸವೆದಿದೆ ಮೇಡಂ. ಬಿಸಿಯಾದ್ರೆ ಜೋರಾಗಿ ತಿರುಗುತ್ತೆ, ಆಮೇಲೆ ಸುಸ್ತಾಗುತ್ತೆ. ಇದೇ ನಿಮ್ಮ ದೆವ್ವ. ಮಿಕ್ಕಿದ್ದೂ ಹಳೇದೇ, ಹೊಸದು ಜೋಡಿಸ್ಕೊಂಡ್ಬಿಡಿ."

ತಂಗಿ ನಕ್ಕಳು. ಅವಳು ನಗಲಿಲ್ಲ.

ಅವನು ಕಂಪ್ಯೂಟರಿನ ಭಾಗಗಳನ್ನು ಜೋಡಿಸುವ ಎರಡು ಖಾಲಿ ಕ್ಯಾಬಿನೆಟ್ ಮುಂದಿಟ್ಟ. ಒಂದು ಚಪ್ಪಲಿ ಡಬ್ಬಕ್ಕಿಂತ ತುಸು ದೊಡ್ಡದು, ಇನ್ನೊಂದು ಮಂಡಿಯೆತ್ತರದ್ದು. "ಚಿಕ್ಕದ್ರಲ್ಲಿ ಗಾಳಿ ಆಡಲ್ಲ, ಪುಟ್ಟ ಫ್ಯಾನು ಕಿರುಚ್ತಾ ಓಡುತ್ತೆ. ದೊಡ್ಡದ್ರದ್ದು ಅಗಲದ ಫ್ಯಾನು, ನಿಧಾನ. ಮೈಕಿನ ಕೆಲಸಕ್ಕೆ ನಾನಾದ್ರೆ ದೊಡ್ಡದೇ ತಗೋತಿದ್ದೆ."

"ಚಿಕ್ಕದೇ ಕೊಡಿ. ದೊಡ್ಡದಕ್ಕೆ ಮನೇಲಿ ಜಾಗ ಇಲ್ಲ."

"ಇದೆಯಲ್ಲಕ್ಕಾ," ಎಂದಳು ತಂಗಿ ಮೆಲ್ಲಗೆ. "ಅಮ್ಮನ ಮಂಚದ ಪಕ್ಕ."

"ಅದು ಖಾಲಿ ಇಲ್ಲ."

ಮಾತು ಬಾಯಿ ಜಾರಿಬಿಟ್ಟಿತ್ತು. ಅಂಗಡಿಯವನು ಏನೋ ಹುಡುಕುವವನಂತೆ ಒಳಗೆ ಹೋದ. ತಂಗಿ ಅಕ್ಕನ ಮುಂಗೈ ಹಿಡಿದುಕೊಂಡಳು. "ಅಮ್ಮ ಅಲ್ಲಿ ಸುಖವಾಗೇನೂ ಇರ್ಲಿಲ್ಲ. ಇನ್ನೂ ಅವರನ್ನ ಅಲ್ಲೇ ಕಟ್ಟಿಹಾಕ್ಬೇಕಾ ಅಕ್ಕಾ?"

ಅಂಗಡಿಯವನು ಈಚೆ ಬಂದಾಗ ಅವಳು, ಅಂಥ ಎರಡು ಕಂಪ್ಯೂಟರುಗಳನ್ನು ಓಡಿಸಿ ತೋರಿಸುವಂತೆ ಕೇಳಿದಳು. ಚಿಕ್ಕದು ಕಿವಿಯ ಬಳಿಯ ಸೊಳ್ಳೆಯಂತೆ ಗುಂಯ್‌ಗುಟ್ಟಿತು. ದೊಡ್ಡದು ಓಡುತ್ತಿದೆಯೋ ಇಲ್ಲವೋ ಎಂದು ಅವಳು ಮುಟ್ಟಿ ನೋಡಬೇಕಾಯಿತು.

"ಇದೇ ಇರ್ಲಿ," ಎಂದಳು.

ಜೋಡಿಸಿದ್ದನ್ನು ಅಂಗಡಿಯವನೇ ತಂದು ಮಂಚದ ಪಕ್ಕ ಇಟ್ಟುಹೋದ. ಅವಳು ನದಿಗಳ ಪಾಠವನ್ನು ಮೊದಲಿನಿಂದ ಓದಿ ಕಳಿಸಿದಳು.

"ಈಗ ಸ್ವಚ್ಛವಾಗಿದೆಯಮ್ಮ," ಎಂದರು ಮೇಷ್ಟ್ರು. "ಯಾರೂ ಇಲ್ಲ."

"ಹೌದು ಸಾರ್. ಯಾರೂ ಇಲ್ಲ."

ಫೋನಿಟ್ಟು ಮಂಚದ ಅಂಚಿನಲ್ಲಿ ಕೂತಳು. ಸಾವಿನ ದಿನ ಬಾರದ ಅಳು ಆಗ ಬಂತು, ಸಂಜೆಯವರೆಗೂ ನಿಲ್ಲಲಿಲ್ಲ.

ಭೂಗೋಳ ಮುಗಿಯಿತು, ಇತಿಹಾಸವೂ ಮುಗಿಯಿತು. ಈಗ ಮೇಷ್ಟ್ರದು ಒಂದೇ ತಕರಾರು: ಅವಳು ವಾಕ್ಯಕ್ಕೂ ವಾಕ್ಯಕ್ಕೂ ನಡುವೆ ಬಹಳ ಹೊತ್ತು ನಿಲ್ಲುತ್ತಾಳಂತೆ.

"ಉಸಿರು ತಗೋತೀನಿ ಸಾರ್," ಅನ್ನುತ್ತಾಳೆ ಅವಳು. ನಿಜವಾಗಿ ಆಗ ಅವಳು ಉಸಿರು ಬಿಗಿಹಿಡಿದು, ಕಿವಿಗೊಟ್ಟು ಕೂತಿರುತ್ತಾಳೆ.