ಸೊಸೆ ತನ್ನನ್ನೇ ಹೊರಗಿಟ್ಟುಕೊಂಡ ದಿನ

ನನ್ನ ಸೊಸೆ ಕೂತಲ್ಲಿ ಕೂರುವವಳಲ್ಲ. ಬಡಿಸುತ್ತಲೇ ಫೋನು ನೋಡುತ್ತಾಳೆ, ಫೋನಿನಲ್ಲಿ ಮಾತಾಡುತ್ತಲೇ ಬಟ್ಟೆ ಮಡಚುತ್ತಾಳೆ. ಹುಡುಗಿ ಕಾಲಿಗೆ ಚಕ್ರ ಕಟ್ಟಿಕೊಂಡೇ ಬಂದಿದ್ದಾಳೆ ಎಂದು ನನ್ನ ಗಂಡ, ಇದ್ದಾಗ, ನಗುತ್ತಿದ್ದರು.

ಅವಳದು ದೊಡ್ಡ ಆಸ್ಪತ್ರೆಯೊಂದರಲ್ಲಿ ಕಂಪ್ಯೂಟರುಗಳ ನಡುವಿನ ದಾರಿ ಕಾಯುವ ಕೆಲಸ. ರಕ್ತಪರೀಕ್ಷೆಯ ಕೋಣೆಯಿಂದ ವಾರ್ಡಿಗೆ ಹೋಗುವ ವರದಿ ರೂಟರ್ ಎಂಬ ಪೆಟ್ಟಿಗೆಯನ್ನು ದಾಟಿಯೇ ಹೋಗಬೇಕು. ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂದು ಇವಳು ಅದಕ್ಕೆ ಸಾಲುಸಾಲಾಗಿ ಬರೆದಿಡುತ್ತಾಳೆ.

"ಮೇಲಿಂದ ಓದ್ಕೊಂಡು ಬರುತ್ತೆ ಅತ್ತೆ. ಮೊದಲು ಯಾವ ಸಾಲು ಹೊಂದುತ್ತೋ ಅದೇ ತೀರ್ಮಾನ, ಕೆಳಗಿಂದು ನೋಡೋದೇ ಇಲ್ಲ. ಯಾವ ಸಾಲಿಗೂ ಹೊಂದದೇ ಇದ್ರೆ, ನಾವು ಬರೀದಿದ್ರೂ ಹೊರಗೇ ನಿಲ್ಸುತ್ತೆ."

"ನಮ್ಮತ್ತೆನೂ ಹಾಗೇ ಇದ್ರು ಬಿಡು," ಎಂದೆ. "ಅವರು ಬಾ ಅನ್ನದೇ ಇದ್ರೆ ನನ್ನ ತವರಿನೋರೂ ಬಾಗಿಲಲ್ಲೇ."

ಅವಳ ಕೆಲಸ ಆಗಿನ್ನೂ ಕಾಯಂ ಆಗಿರಲಿಲ್ಲ. ಆಗಬೇಕಿದ್ದ ವಾರವೇ ನನಗೆ ಜ್ವರ ಬಂತು. ಅವಳು ಮನೆಯಿಂದಲೇ ಕೆಲಸಕ್ಕೆ ಕೂತಳು. ಆಸ್ಪತ್ರೆಯ ಒಂದು ಕಂಪ್ಯೂಟರಿಗೆ ವೈರಸ್ ತಗುಲಿ ಸಿಕ್ಕಸಿಕ್ಕಲ್ಲಿಗೆ ನುಗ್ಗುತ್ತಿತ್ತಂತೆ. ಅದನ್ನು ತಡೆಯುವ ಸಾಲು ಬರೆದಳು, ಒತ್ತಿದಳು. ಪರದೆ ಅಲ್ಲೇ ನಿಂತುಬಿಟ್ಟಿತು.

"ಅಯ್ಯೋ ಅತ್ತೆ! ಅದೊಂದನ್ನ ತಡಿ ಅಂತ ಬರೆದೆ, ಉಳಿದೋರನ್ನ ಬಿಡು ಅಂತ ಬರೀಲೇ ಇಲ್ಲ. ಎಲ್ಲಾ ನಿಂತೋಯ್ತು. ನನ್ನನ್ನೂ ಒಳಗೆ ಬಿಡ್ತಿಲ್ಲ!"

ಇಂಥದ್ದಕ್ಕೆ ಕೈಹಾಕುವ ಮುಂಚೆ ಅವಳು ಪೆಟ್ಟಿಗೆಗೆ ಒಂದು ಹೊತ್ತು ಗೊತ್ತುಮಾಡಿ ಇಡುತ್ತಾಳೆ: ಅಷ್ಟರೊಳಗೆ ನಾನು ಬೇಡವೆನ್ನದಿದ್ದರೆ ನೀನೇ ಆರಿ, ಮತ್ತೆ ಶುರುವಾಗಿ, ಹಳೆಯ ಸಾಲುಗಳಿಗೆ ಮರಳಿಬಿಡು, ಎಂದು. ಇವತ್ತು ಇಟ್ಟಿದ್ದಳೇ? ಏನು ಮಾಡಿದರೂ ನೆನಪಾಗಲೊಲ್ಲದು. ಕಿಟಕಿಗೂ ಮೇಜಿಗೂ ಸುತ್ತಿದಳು, ಉಗುರು ಕಚ್ಚಿದಳು.

ಅವಳ ಮೇಲಿನವರ ಫೋನು ಬಂತು, ಸ್ಪೀಕರಿಗೆ ಹಾಕಿದಳು.

"ಏನಮ್ಮಾ, ವಾರ್ಡಿಗೆ ಒಂದು ವರದಿನೂ ಬರ್ತಿಲ್ಲ. ಕರೆಂಟೇನಾದ್ರೂ ಕೈಕೊಡ್ತಾ?"

ಹೂಂ ಅಂದುಬಿಡು ಎಂದು ನಾನು ಮಂಚದಿಂದಲೇ ಕೈಸನ್ನೆ ಮಾಡಿದೆ. ಅವಳು ನನ್ನತ್ತ ಕಣ್ಣು ಬಿಟ್ಟಳು.

"ಇಲ್ಲ ಸಾರ್, ನಾನೇ ಕೆಡಿಸಿದ್ದು. ವಾಪಸ್ ಬರೋ ಹಾಗೆ ಇಟ್ಟಿದ್ನೋ ಇಲ್ವೋ ಗೊತ್ತಿಲ್ಲ. ಕಾಯ್ಬೇಡಿ, ವರದಿಗಳನ್ನ ಕೈಯಲ್ಲೇ ಕಳಿಸೋಕೆ ಹೇಳಿ."

"ಕಾಯಂ ಆಗೋ ವಾರದಲ್ಲೇ ಬೇಕಿತ್ತೇನಮ್ಮ ನಿಂಗಿದು!" ಎನ್ನುತ್ತ ಅವರು ಫೋನು ಹಿಡಿದೇ ಪೆಟ್ಟಿಗೆಯಿದ್ದ ಕೋಣೆಗೆ ಓಡಿದರು.

ಅವರು ಬಾಗಿಲು ತೆಗೆಯುವಷ್ಟರಲ್ಲಿ ಅದು ತಾನಾಗಿಯೇ ಆರಿ ಮತ್ತೆ ಶುರುವಾಯಿತು. ಹೊತ್ತು ಇಟ್ಟಿದ್ದಳು! ವರದಿಗಳು ಹೊರಟವು. ಆದರೆ ವೈರಸ್ ತಗುಲಿದ ಕಂಪ್ಯೂಟರಿಗೂ ದಾರಿ ಬಿಟ್ಟಹಾಗಾಯಿತಲ್ಲ.

"ಮತ್ತೆ ಬರಿ," ಎಂದರು ಅವರು. "ಬಾಯ್ಬಿಟ್ಟು ಹೇಳ್ತಾ ಬರಿ, ನಾನು ಕೇಳ್ತೀನಿ."

ಮೊದಲು ಹೊತ್ತು ಇಟ್ಟಳು. ಆಮೇಲೆ ತಡೆಯುವ ಸಾಲು, ಅದರ ಕೆಳಗೆ ಉಳಿದವರನ್ನೆಲ್ಲ ಬಿಡುವ ಸಾಲು. ಒತ್ತಿದಳು. ಪರದೆ ಓಡುತ್ತಲೇ ಇತ್ತು, ವೈರಸ್ಸಿನ ಕಂಪ್ಯೂಟರೊಂದೇ ಹೊರಗೆ ನಿಂತಿತು; ಇಟ್ಟ ಹೊತ್ತನ್ನು ಬೇಡವೆಂದಳು.

"ಸಾರ್, ನನ್ನ ಕೆಲಸ..."

"ನಡೆದದ್ದನ್ನ ನಡೆದ ಹಾಗೇ ಮೇಲಕ್ಕೆ ಹೇಳ್ತೀನಿ. ನೀನು ಒಪ್ಕೊಂಡಿದ್ದನ್ನೂ ಹೇಳ್ತೀನಿ."

ಆದೇಶ ಬರುವ ತನಕ ನಮ್ಮಿಬ್ಬರಿಗೂ ತುತ್ತು ಇಳಿಯಲಿಲ್ಲ. ಬಂತು. ಕೆಲಸ ಕಾಯಂ, ಆದರೆ ಇನ್ನು ಮೇಲೆ ಜೊತೆಗೊಬ್ಬರು ಓದಿ ನೋಡದೆ ಅವಳು ಒಂದು ಸಾಲನ್ನೂ ಬದಲಿಸಕೂಡದು.

"ಇದೆಂಥಾ ಕಾಯಂ ಕೆಲಸವೇ, ಕಾವಲಿನವರನ್ನಿಟ್ಟು!" ಎಂದು ನಾನು ರೇಗಿದೆ.

"ಜೊತೆಗೊಬ್ರು ಬೇಕು ಅಂತ ನಾನೇ ಕೇಳಿದ್ದು ಅತ್ತೆ," ಎಂದಳು ಸೊಸೆ.